ಖಾತೆಪುಸ್ತಕದ ಪಕ್ಕದಲ್ಲಿ ಇರಬೇಕಾದ ಪುಸ್ತಕಗಳು

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲು ಇದೆ. ಕ್ರಿ.ಶ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಮಂತ್ರಿ ವಿಠ್ಠಲನಾಥನು ಈ ಕೋಟೆಯನ್ನು ಕಟ್ಟಿಸಿದನೆಂಬ ಸಂಗತಿಯನ್ನು ಅದರ ಮೇಲೆ ಕೆತ್ತಲಾಗಿದೆ. ಇಷ್ಟನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಅಲ್ಲಿಯೇ ರೇಖೆಗಳಲ್ಲಿ ಕೊರೆದ ಒಂದು ಚಿತ್ರವೂ ಇದೆ. ಅಷ್ಟು ದೊಡ್ಡ ಕಲ್ಲನ್ನು ಗಾಲಿಬಂಡಿಯ ಮೇಲೆ ಹೇರಿ, ಸಾಲುಗಟ್ಟಿದ ಜಾನುವಾರುಗಳಿಂದ ಎಳೆಸಿ ತಂದ ಬಗೆಯನ್ನು ಅದು ತೋರಿಸುತ್ತದೆ. ಕಟ್ಟಿಸಿದವರ ಹೆಸರನ್ನು ಬರೆಯಿಸುವುದು ಎಲ್ಲ ಕಾಲದ ವಾಡಿಕೆ. ಕೆಲಸ ಹೇಗೆ ನಡೆಯಿತೆಂಬುದನ್ನು ದಾಖಲಿಸಿಡುವುದು ಮಾತ್ರ ಅಪರೂಪ. ಲೆಕ್ಕಪರಿಶೋಧಕನ ಭಾಷೆಯಲ್ಲಿ ಹೇಳುವುದಾದರೆ, ಆ ಕಲ್ಲು ತನ್ನ ವೌಚರನ್ನು ತಾನೇ ಜೊತೆಯಲ್ಲಿ ಇಟ್ಟುಕೊಂಡಿದೆ.

ಅದೇ ಊರಿನ ನಮ್ಮ ಅಕ್ಕಿ ಗಿರಣಿಗಳಲ್ಲಿ, ಜಿನ್ನಿಂಗ್ ಕಾರ್ಖಾನೆಗಳಲ್ಲಿ, ಗಂಜಿನ ಅಡತಿ ಅಂಗಡಿಗಳಲ್ಲಿ ಕೆಲಸ ಹೇಗೆ ನಡೆಯುತ್ತದೆಂಬುದು ಎಲ್ಲಿ ಬರೆದಿದೆ? ಹಳೆಯ ಗುಮಾಸ್ತರ ತಲೆಯಲ್ಲಿದೆ. ಇಪ್ಪತ್ತೈದು ವರ್ಷ ಯಂತ್ರದ ಮುಂದೆ ನಿಂತ ಮೇಸ್ತ್ರಿಯ ಕಿವಿಯಲ್ಲಿದೆ. ಅವರು ಒಂದು ದಿನ ಮನೆಗೆ ಹೊರಟರೆ ಆ ಬಂಡವಾಳವೂ ಅವರೊಡನೆ ಹೊರಟು ಹೋಗುತ್ತದೆ. ಅದು ಯಾವ ಅಢಾವೆ ಪತ್ರಿಕೆಯಲ್ಲಿಯೂ ನಷ್ಟವೆಂದು ಕಾಣಿಸಿಕೊಳ್ಳುವುದಿಲ್ಲ.

ಕೆಲವು ಯುವ ಸದಸ್ಯರು ಇತ್ತೀಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳಿದರು: "ಸಾಹೇಬರೆ, ತಂತ್ರಜ್ಞಾನ, ಡೇಟಾ, ಹೊಸ ಕಲಿಕೆ, ಸೃಜನಶೀಲತೆ ಎಂದು ಎಲ್ಲ ಕಡೆ ಹೇಳ್ತಾರೆ. ನಮ್ಮಂಥ ವ್ಯಾಪಾರಸ್ಥರು ಓದಬೇಕಾದ ಪುಸ್ತಕ ಯಾವುದು?" ಅದಕ್ಕೆ ಉತ್ತರವಾಗಿ ಈ ಲೇಖನ. ಪುಸ್ತಕಗಳನ್ನು ಆರಿಸುವಾಗ ನಾನು ಒಂದೇ ಒಂದು ಅಳತೆಗೋಲನ್ನು ಬಳಸಿದ್ದೇನೆ. ಓದಿ ಮುಗಿಸಿದ ಮರುದಿನ ಆ ಪುಸ್ತಕವು ನಮ್ಮನ್ನು ನಮ್ಮದೇ ಖಾತೆಪುಸ್ತಕದ ಬಳಿಗೆ, ನಮ್ಮದೇ ಗಿರಣಿಯ ಅಂಗಳಕ್ಕೆ ಹಿಂದಿರುಗಿ ಕಳುಹಿಸಬೇಕು. ಹಾಗೆ ಕಳುಹಿಸದ ಪುಸ್ತಕ ಎಷ್ಟೇ ಹೆಸರಾಗಿದ್ದರೂ ಇಲ್ಲಿ ಸೇರಿಸಿಲ್ಲ.

ಈಗ ಏಕೆ ಓದಬೇಕು?

"ಓದಲಿಕ್ಕೆ ಪುರಸೊತ್ತು ಎಲ್ಲಿದೆ?" ಎಂಬುದು ಸಹಜವಾದ ಆಕ್ಷೇಪಣೆ. ಆದರೆ ನಮ್ಮ ವ್ಯವಹಾರದ ಅಂಕಿಗಳನ್ನು ಈಗ ಯಾರು ಯಾರು ಓದುತ್ತಿದ್ದಾರೆಂಬುದನ್ನು ಒಮ್ಮೆ ಯೋಚಿಸಿ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಿತು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂದಿತು. 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿ ವಹಿವಾಟು ಮೀರಿದವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ನಾವು ಮಾರಿದ ಸರಕು ಯಾವ ಲಾರಿಯಲ್ಲಿ ಯಾವ ದಿನ ಹೋಯಿತೆಂಬುದು ಸರಕಾರಕ್ಕೆ ಗೊತ್ತು. ನಮ್ಮ ಖಾತೆಯಲ್ಲಿ ಯಾವ ತಿಂಗಳು ಹಣ ಬಿಗಿಯಾಗುತ್ತದೆಂಬುದು ಬ್ಯಾಂಕಿಗೆ ಗೊತ್ತು. ನಮ್ಮ ಅಂಕಿಗಳನ್ನು ಸರಕಾರ ಓದುತ್ತದೆ, ಬ್ಯಾಂಕು ಓದುತ್ತದೆ. ನಾವು ಮಾತ್ರ ಓದುವುದಿಲ್ಲ. ವರ್ಷಕ್ಕೊಮ್ಮೆ ಆಡಿಟರ ಕಚೇರಿಗೆ ಬಂದು ಸಹಿ ಹಾಕಿ ಹೋಗುತ್ತೇವೆ. ನಮ್ಮ ದುಡ್ಡಿನಿಂದ ಹುಟ್ಟಿದ ತಿಳಿವಳಿಕೆ ಪರರಿಗೆಲ್ಲ ಉಪಯೋಗಕ್ಕೆ ಬರುತ್ತಿದ್ದು, ನಮಗೆ ಮಾತ್ರ ಬರುತ್ತಿಲ್ಲ. ಇದನ್ನು ಸರಿಪಡಿಸುವ ದಾರಿಗಳಲ್ಲಿ ಅತ್ಯಂತ ಅಗ್ಗವಾದುದು ಓದು.

ತಂತ್ರಜ್ಞಾನ: ಯಂತ್ರ ಕೊಳ್ಳುವ ಮೊದಲು

ಮೊದಲನೆಯ ಪುಸ್ತಕ ಎಲಿಯಾಹು ಗೋಲ್ಡ್‌ರ್ಯಾಟ್ ಬರೆದ 'ದಿ ಗೋಲ್' (1984). ಇದು ಕಾದಂಬರಿಯ ರೂಪದಲ್ಲಿದೆ. ನಷ್ಟದಲ್ಲಿರುವ ಕಾರ್ಖಾನೆಯೊಂದರ ವ್ಯವಸ್ಥಾಪಕನಿಗೆ ಮೂರು ತಿಂಗಳ ಗಡುವು ಕೊಡಲಾಗುತ್ತದೆ. ಅಷ್ಟರಲ್ಲಿ ಅದನ್ನು ಸರಿಪಡಿಸಬೇಕು, ಇಲ್ಲವೇ ಬಾಗಿಲು ಹಾಕಬೇಕು. ಒಂದು ದಿನ ಆತ ಮಗನ ಸ್ಕೌಟ್ ತಂಡದೊಡನೆ ಕಾಡುದಾರಿಯಲ್ಲಿ ನಡೆಯುತ್ತಾನೆ. ಸಾಲಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವ ಹುಡುಗನ ವೇಗವೇ ಇಡೀ ತಂಡದ ವೇಗವೆಂಬುದು ಅಲ್ಲಿ ಅವನಿಗೆ ಹೊಳೆಯುತ್ತದೆ. ಮುಂದಿನವರು ಎಷ್ಟು ಚುರುಕಾಗಿ ನಡೆದರೂ ಸಾಲು ಉದ್ದವಾಗುತ್ತದೆಯೇ ಹೊರತು ತಂಡ ಬೇಗ ಊರು ಸೇರುವುದಿಲ್ಲ. ಕಾರ್ಖಾನೆಯೂ ಹಾಗೆಯೇ.

ಈ ಪುಸ್ತಕವನ್ನು ನಾನು ತಡವಾಗಿ ಓದಿದೆ. ಆ ತಡಕ್ಕೆ ಬೆಲೆ ತೆತ್ತವರು ಬೇರೊಬ್ಬರು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಮಾನ್ವಿ ಕಡೆಯ ಅಕ್ಕಿ ಗಿರಣಿಯೊಂದರ ಮಾಲೀಕರು ನನ್ನ ಬಳಿ ಬಂದು, ಅಕ್ಕಿಯ ಬಣ್ಣ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಸಾಲದ ವರದಿ ಮಾಡಿಕೊಡಬೇಕೆಂದು ಕೇಳಿದರು. ಸುತ್ತಲಿನವರೆಲ್ಲ ಹಾಕಿಸಿದ್ದರು, ತಾವೂ ಹಾಕಿಸಬೇಕು. ಅಕ್ಕಿಯ ದರ ಕೊಂಚ ಏರುತ್ತದೆಂದೂ, ಉತ್ಪಾದನೆ ಕಾಲುಭಾಗದಷ್ಟು ಹೆಚ್ಚುತ್ತದೆಂದೂ ಲೆಕ್ಕ ಹಾಕಿ ನಾನು ವರದಿ ಬರೆದೆ. ಸಾಲ ಮಂಜೂರಾಯಿತು, ಯಂತ್ರ ಬಂದಿತು. ದರ ಏರಿತು, ಉತ್ಪಾದನೆ ಮಾತ್ರ ಒಂದು ಚೀಲವೂ ಹೆಚ್ಚಲಿಲ್ಲ. ವರದಿಯ ಅಂಕಿಗಳನ್ನು ನಂಬಿದ್ದ ಅವರು ಎರಡನೆಯ ವರ್ಷ ಕಂತು ಕಟ್ಟಲು ಊರ ಹೊರಗಿನ ಒಂದು ನಿವೇಶನ ಮಾರಿದರು. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. "ನಮ್ಮ ಟೈಮ್ ಸರಿ ಇರಲಿಲ್ಲ ಬಿಡ್ರಿ ಸಾಹೇಬರೆ" ಎಂದಷ್ಟೇ ಹೇಳಿದರು.

ಗೋಲ್ಡ್‌ರ್ಯಾಟ್‌ನನ್ನು ಓದಿದ ಮೇಲೆ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಗಡಿಯಾರ ಹಿಡಿದು ಆ ಗಿರಣಿಯಲ್ಲಿ ನಿಂತೆ. ಅವರದು ಸ್ಟೀಮ್ ಅಕ್ಕಿಯ ಕೆಲಸ. ಭತ್ತ ಸ್ವಚ್ಛಮಾಡುವ ಯಂತ್ರ, ಹೊಟ್ಟು ತೆಗೆಯುವ ಶೆಲ್ಲರ್, ಪಾಲಿಷರ್, ಎಲ್ಲವೂ ಗಂಟೆಗೆ 4 ಟನ್ ಮಾಡಬಲ್ಲವು. ಉಗಿ ಕೊಟ್ಟ ಭತ್ತವನ್ನು ಒಣಗಿಸುವ ಡ್ರೈಯರ್ ಮಾತ್ರ ಸರಾಸರಿ ಗಂಟೆಗೆ 2 ಟನ್ನಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಅದರ ಮುಂದೆ ಒದ್ದೆ ಭತ್ತ ಕಾಯುತ್ತಿತ್ತು. ಅದರ ಹಿಂದಿನ ಯಂತ್ರಗಳು ಭತ್ತಕ್ಕಾಗಿ ಕಾಯುತ್ತಿದ್ದವು. ಸಾಲಿನ ತುದಿಯಲ್ಲಿ ಎಂಥ ಸಾರ್ಟೆಕ್ಸ್ ಇಟ್ಟರೂ ಅದಕ್ಕೆ ಬರುವುದು ಡ್ರೈಯರ್ ಬಿಟ್ಟಷ್ಟು ಮಾತ್ರ. ಇನ್ನೊಂದು ಸಂಗತಿಯೂ ಕಂಡಿತು. ಊಟದ ಹೊತ್ತಿನಲ್ಲಿ ಮತ್ತು ಪಾಳಿ ಬದಲಾಗುವಾಗ ಎಲ್ಲ ಯಂತ್ರಗಳೊಡನೆ ಡ್ರೈಯರೂ ನಿಲ್ಲುತ್ತಿತ್ತು. ಪಾಲಿಷರ್ ಒಂದು ಗಂಟೆ ನಿಂತರೆ ನಷ್ಟವೇನಿಲ್ಲ, ಆಮೇಲೆ ತುಂಬಿಕೊಳ್ಳಬಹುದು. ಡ್ರೈಯರ್ ಒಂದು ಗಂಟೆ ನಿಂತರೆ ಇಡೀ ಗಿರಣಿ ಒಂದು ಗಂಟೆ ನಿಂತಂತೆ. ಊಟದ ಪಾಳಿಯನ್ನು ಎರಡು ತಂಡವಾಗಿ ಮಾಡಿ ಡ್ರೈಯರ್ ನಿಲ್ಲದಂತೆ ನೋಡಿಕೊಂಡ ಮೇಲೆ ದಿನಕ್ಕೆ ಎರಡು ಗಂಟೆಯ ಉತ್ಪಾದನೆ ಖರ್ಚಿಲ್ಲದೆ ದೊರೆಯಿತು. ನನ್ನ ವರದಿಯಲ್ಲಿ ಎಲ್ಲ ಅಂಕಿಗಳೂ ಇದ್ದವು. ಭತ್ತ ಎಲ್ಲಿ ನಿಂತು ಕಾಯುತ್ತದೆಂಬ ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ಆ ದಿನದಿಂದ ಈಚೆಗೆ, ಸ್ಥಳಕ್ಕೆ ಹೋಗಿ ಒಂದು ದಿನ ನಿಲ್ಲದೆ ನಾನು ಯಾವ ಯಂತ್ರದ ವರದಿಯನ್ನೂ ಬರೆದಿಲ್ಲ.

ಎರಡನೆಯ ಪುಸ್ತಕ ಮಾರ್ಕ್ ಲೆವಿನ್‌ಸನ್ ಬರೆದ 'ದಿ ಬಾಕ್ಸ್' (2006). ಇದು ಹಡಗಿನ ಕಂಟೇನರ್ ಎಂಬ ಕಬ್ಬಿಣದ ಪೆಟ್ಟಿಗೆಯ ಚರಿತ್ರೆ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮ್ಯಾಕ್ಲೀನ್ ಎಂಬ ಲಾರಿ ಸಾಗಣೆದಾರನು 58 ಪೆಟ್ಟಿಗೆಗಳನ್ನು ಹಡಗಿನಲ್ಲಿಟ್ಟು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ 5 ಡಾಲರ್ 83 ಸೆಂಟ್ ತಗಲುತ್ತಿದ್ದಲ್ಲಿ, ಪೆಟ್ಟಿಗೆಯಲ್ಲಿ ತುಂಬಿದಾಗ 16 ಸೆಂಟಿಗಿಂತ ಕಡಿಮೆಯಾಯಿತು. ಆದರೂ ಲಾಭ ಎಲ್ಲರಿಗೂ ತಕ್ಷಣ ಬರಲಿಲ್ಲ. ಬಂದರು, ಕ್ರೇನು, ರೈಲು, ಕಾರ್ಮಿಕರೊಡನೆ ಮಾಡಿಕೊಂಡ ಒಪ್ಪಂದ, ಪೆಟ್ಟಿಗೆಯ ಅಳತೆ, ಎಲ್ಲವೂ ಬದಲಾದ ಮೇಲೆಯೇ ಪೆಟ್ಟಿಗೆ ಲೋಕವನ್ನು ಬದಲಿಸಿತು. ಕಂಪ್ಯೂಟರ್ ತಂದಿಟ್ಟು, ಮೊದಲು ಚೀಟಿಯಲ್ಲಿ ಬರೆದು, ಚೀಟಿಯಿಂದ ಖಿರ್ದಿಗೆ ಇಳಿಸಿ, ಖಿರ್ದಿಯಿಂದ ತಿಂಗಳ ಕೊನೆಗೆ ಕಂಪ್ಯೂಟರಿಗೆ ಏರಿಸುವ ನಮ್ಮ ಅಂಗಡಿಗಳಿಗೆ ಇದು ಒಳ್ಳೆಯ ಪಾಠ. ಅಲ್ಲಿ ಪೆಟ್ಟಿಗೆ ಬಂದಿದೆ, ಬಂದರು ಬದಲಾಗಿಲ್ಲ.

ಅಂಕಿ-ಅಂಶ: ಸರಾಸರಿಯ ಮೋಸ

ಡಾರೆಲ್ ಹಫ್ ಬರೆದ 'ಹೌ ಟು ಲೈ ವಿತ್ ಸ್ಟ್ಯಾಟಿಸ್ಟಿಕ್ಸ್' (1954) ತೆಳ್ಳನೆಯ ಪುಸ್ತಕ. ಅಂಕಿಗಳಿಂದ ಜನರನ್ನು ಹೇಗೆ ದಾರಿ ತಪ್ಪಿಸಬಹುದೆಂಬುದನ್ನು ಅದು ತಮಾಷೆಯಾಗಿ ಹೇಳುತ್ತದೆ. ಅದನ್ನು ಓದಿದವರಿಗೆ, ನಮ್ಮನ್ನು ನಾವೇ ಹೇಗೆ ದಾರಿ ತಪ್ಪಿಸಿಕೊಳ್ಳುತ್ತಿದ್ದೇವೆಂಬುದೂ ತಿಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ಒಬ್ಬ ವ್ಯಾಪಾರಿ ಸುಗ್ಗಿಯ ಆರಂಭದಲ್ಲಿ 100 ಕ್ವಿಂಟಲ್ ಭತ್ತವನ್ನು ಕ್ವಿಂಟಲಿಗೆ 2,000 ರೂಪಾಯಿಯಂತೆ ಕೊಂಡರು. ಆಮೇಲೆ 900 ಕ್ವಿಂಟಲನ್ನು 2,400 ರೂಪಾಯಿಯಂತೆ ಕೊಂಡರು ಎನ್ನೋಣ. "ಸರಾಸರಿ ಖರೀದಿ ಎಷ್ಟು?" ಎಂದು ಕೇಳಿದರೆ ಬಾಯಿಗೆ ಬರುವ ಉತ್ತರ 2,200. ಅದು ದರಗಳ ಸರಾಸರಿ, ದುಡ್ಡಿನ ಸರಾಸರಿಯಲ್ಲ. ಒಟ್ಟು ಕೊಟ್ಟ ಹಣ 23,60,000 ರೂಪಾಯಿ. ಆದುದರಿಂದ ಕ್ವಿಂಟಲಿಗೆ ಬಿದ್ದ ಬೆಲೆ 2,360. 2,300ಕ್ಕೆ ಮಾರಿ ನೂರು ರೂಪಾಯಿ ಉಳಿಯಿತೆಂದು ತಿಳಿದವರು ವಾಸ್ತವದಲ್ಲಿ ಕ್ವಿಂಟಲಿಗೆ 60 ರೂಪಾಯಿ ಕಳೆದುಕೊಂಡಿರುತ್ತಾರೆ. ಇದು ಕಾಲ್ಪನಿಕ ಉದಾಹರಣೆಯಾದರೂ, ಇದರ ಅಣ್ಣತಮ್ಮಂದಿರನ್ನು ನಾನು ಪ್ರತಿ ಮಾರ್ಚ್ ತಿಂಗಳು ಕಾಣುತ್ತೇನೆ. ಹತ್ತಿಯಲ್ಲಿ ಅರಳೆಯ ಇಳುವರಿ ಶೇಕಡಾ 33 ಬರುವ ಲಾಟು, 35 ಬರುವ ಲಾಟು ಎರಡನ್ನೂ ಬೆರೆಸಿ "34 ಬರುತ್ತದೆ" ಎಂದು ಬಿಟ್ಟರೆ, ಯಾವ ಊರಿನ ಹತ್ತಿ ನಮಗೆ ಅನ್ನ ಕೊಟ್ಟಿತು, ಯಾವುದು ಕಸಿದುಕೊಂಡಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಅಡತಿ ವರ್ತಕರು ಓದಲೇಬೇಕಾದ ಇನ್ನೊಂದು ಬರಹವಿದೆ. ಅದು ಪುಸ್ತಕವಲ್ಲ, ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಕನ್ನಡಿಗರಿರುವ ಕಾಸರಗೋಡು ಹಾಗೂ ಅದರ ದಕ್ಷಿಣದ ಕಣ್ಣೂರು, ಕೋಳಿಕ್ಕೋಡ್ ಕರಾವಳಿಗೆ 1997ರಿಂದ 2001ರ ಅವಧಿಯಲ್ಲಿ ಮೊಬೈಲ್ ಫೋನ್ ಬಂದಾಗ ಮೀನು ಪೇಟೆಗೆ ಏನಾಯಿತೆಂಬುದನ್ನು ಅವರು ಅಳೆದರು. ಮೊದಲು, ಒಂದು ತೀರದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದರೆ, ಕೆಲವೇ ಮೈಲಿ ದೂರದ ಇನ್ನೊಂದು ತೀರದಲ್ಲಿ ಮೀನು ಸಿಗದೆ ಗಿರಾಕಿಗಳು ಹಿಂದಿರುಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ದರ ವಿಚಾರಿಸುವುದು ಸಾಧ್ಯವಾಯಿತು. ಪೇಟೆ-ಪೇಟೆಗಳ ನಡುವಿನ ದರದ ಅಂತರ ಕುಗ್ಗಿತು. ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಶೇಕಡಾ 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇಕಡಾ 4ರಷ್ಟು ಇಳಿಯಿತು.

ಇದು ನಮ್ಮ ಗಂಜಿಗೆ ಹೇಗೆ ಸಂಬಂಧಿಸುತ್ತದೆ? ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರದ ಇ-ನ್ಯಾಮ್ ಬಂದಿತು. ಇಂದು ದೇವದುರ್ಗದ ಹಳ್ಳಿಯ ರೈತರು ಹತ್ತಿ ಬಿಡಿಸುತ್ತಲೇ ರಾಯಚೂರಿನ ದರವನ್ನೂ, ಆದೋನಿಯ ದರವನ್ನೂ ಫೋನಿನಲ್ಲಿ ತಿಳಿಯುತ್ತಾರೆ. ದರ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ ಎಂಬುದರಿಂದ ಬರುತ್ತಿದ್ದ ಲಾಭ ಮುಗಿಯಿತು. ಸರಿಯಾದ ತೂಕ, ಅದೇ ದಿನ ಹಣ, ಕಷ್ಟಕಾಲದ ಕೈಗಡ, ಸರಕು ವಿಂಗಡಿಸುವ ಜ್ಞಾನ, ಇವುಗಳಿಂದ ಬರುವ ಲಾಭ ಉಳಿದಿದೆ. ಯಾವುದು ಹೋಯಿತು, ಯಾವುದು ಉಳಿಯಿತು ಎಂದು ತಿಳಿಯದ ವರ್ತಕರು ಹೋದುದಕ್ಕಾಗಿ ದುಃಖಿಸುತ್ತ ಉಳಿದುದನ್ನೂ ಕಳೆದುಕೊಳ್ಳುವರು.

ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳುವವರಿಗೆ ಅಜಯ್ ಅಗ್ರವಾಲ್, ಜೋಶುವಾ ಗ್ಯಾನ್ಸ್, ಆವಿ ಗೋಲ್ಡ್‌ಫಾರ್ಬ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬರೆದ 'ಪ್ರಿಡಿಕ್ಷನ್ ಮಷೀನ್ಸ್' (2018) ಸಾಕು. ಅವರ ವಾದ ವ್ಯಾಪಾರಿಗೆ ತಕ್ಷಣ ಅರ್ಥವಾಗುವಂಥದು. ಈ ಯಂತ್ರಗಳು ಅಂದಾಜು ಮಾಡುವ ಕೆಲಸವನ್ನು ಅಗ್ಗ ಮಾಡುತ್ತವೆ. ಒಂದು ವಸ್ತು ಅಗ್ಗವಾದಾಗ ಅದರ ಜೊತೆಗೆ ಬೇಕಾಗುವ ವಸ್ತುಗಳ ಬೆಲೆ ಏರುತ್ತದೆ. ಅಂದಾಜಿನ ಜೊತೆಗೆ ಬೇಕಾಗುವುವು ಎರಡು: ಸ್ವಂತ ಅಂಕಿ-ಅಂಶ ಮತ್ತು ವಿವೇಚನೆ. ಹತ್ತು ವರ್ಷಗಳ ಖರೀದಿ ದರ, ತೇವಾಂಶ, ಇಳುವರಿ ಬರೆದಿಟ್ಟವರಿಗೆ ಈ ಯಂತ್ರ ಸೇವಕ. ಬರೆದಿಡದವರಿಗೆ ಅದು ಪಕ್ಕದ ಅಂಗಡಿಯವರ ಸೇವಕ.

ಕಲಿಕೆ: ಗೊತ್ತಿದ್ದುದನ್ನು ಮರೆಯದಿರುವುದು

ಅತುಲ್ ಗವಾಂಡೆ ಭಾರತೀಯ ಮೂಲದ ಅಮೆರಿಕದ ಶಸ್ತ್ರವೈದ್ಯರು. ಅವರ 'ದಿ ಚೆಕ್‌ಲಿಸ್ಟ್ ಮ್ಯಾನಿಫೆಸ್ಟೋ' 2009ರಲ್ಲಿ ಬಂದಿತು. ಅದರ ತಿರುಳು ಇಷ್ಟೇ: ಅನುಭವಿಗಳು ತಪ್ಪು ಮಾಡುವುದು ಗೊತ್ತಿಲ್ಲದುದರಿಂದಲ್ಲ, ಗೊತ್ತಿದ್ದುದನ್ನು ಅವಸರದಲ್ಲಿ ಬಿಟ್ಟುಬಿಡುವುದರಿಂದ. ಶಸ್ತ್ರಚಿಕಿತ್ಸೆಗೆ ಮೊದಲು ಒಂದು ಪುಟದ ಪಟ್ಟಿಯನ್ನು ಗಟ್ಟಿಯಾಗಿ ಓದಿ ಗುರುತು ಹಾಕುವ ಪದ್ಧತಿಯನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ, ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಒಂದು ಹಾಳೆ ಮಾತ್ರ.

ಇದನ್ನು ಓದಿದಾಗ ನನಗೆ ನೆನಪಾದದ್ದು ಒಂದು ಜಿನ್ನಿಂಗ್ ಕಾರ್ಖಾನೆಯ ಬೆಂಕಿ. ಹತ್ತಿಯ ಜೊತೆಗೆ ಬಂದ ಕಬ್ಬಿಣದ ಚೂರೋ, ಕಲ್ಲೋ ಯಂತ್ರಕ್ಕೆ ತಾಗಿದರೆ ಕಿಡಿ ಹಾರುತ್ತದೆಂಬುದು ಅಲ್ಲಿನ ಪ್ರತಿಯೊಬ್ಬ ಕೂಲಿಗೂ ಗೊತ್ತಿತ್ತು. ಮರಳಿನ ಬಕೆಟ್ ಎಲ್ಲಿರಬೇಕೆಂಬುದೂ ಗೊತ್ತಿತ್ತು. ಸ್ಟಾಕ್ ರಿಜಿಸ್ಟರನ್ನು ದಿನವೂ ಬರೆಯಬೇಕೆಂಬುದು ಗುಮಾಸ್ತರಿಗೆ ಗೊತ್ತಿತ್ತು. ಆದರೆ ಸುಗ್ಗಿಯ ಗದ್ದಲದಲ್ಲಿ ಹನ್ನೊಂದು ದಿನ ರಿಜಿಸ್ಟರ್ ಬರೆದಿರಲಿಲ್ಲ. ಬೆಂಕಿ ಆರಿದ ಮೇಲೆ ವಿಮೆಯ ಸರ್ವೇಯರು ಕೇಳಿದ ಮೊದಲ ಪುಸ್ತಕ ಅದೇ. ಸುಟ್ಟ ಅರಳೆಯಲ್ಲಿ ಎಷ್ಟು ಬೇಲು ಇತ್ತೆಂದು ತೋರಿಸಲು ಕಾಗದವಿಲ್ಲದೆ ಪರಿಹಾರದ ಮೊತ್ತ ಕಡಿತವಾಯಿತು. ಆ ಕಾರ್ಖಾನೆಯ ಗೋಡೆಯ ಮೇಲೆ ಈಗ ಏಳು ಅಂಶಗಳ ಒಂದು ಹಾಳೆ ಅಂಟಿಸಿದೆ, ಏಳನೆಯದು "ನಿನ್ನೆಯ ಸ್ಟಾಕ್ ಬರೆದಿದೆಯೇ?" ಎಂಬುದು. ಪ್ರತಿ ಬೆಳಿಗ್ಗೆ ಗುರುತು ಹಾಕಿದ ಮೇಲೆಯೇ ಸ್ವಿಚ್ ಹಾಕುತ್ತಾರೆ.

ಕನ್ನಡದಲ್ಲಿ ಕಲಿಕೆಯ ಮಾತು ಬಂದಾಗ ಶಿವರಾಮ ಕಾರಂತರನ್ನು ಬಿಡುವಂತಿಲ್ಲ. ಕಾಲೇಜು ಬಿಟ್ಟು ಹೊರಬಂದ ಅವರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನೂ, 1959ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬರೇ ಬರೆದರು. ಅದರಲ್ಲಿನ ಎಷ್ಟೋ ವಿಜ್ಞಾನ ಇಂದು ಹಳತಾಗಿದೆ, ನಿಜ. ಗೊತ್ತಿಲ್ಲದ ವಿಷಯವನ್ನು ಸ್ವಂತ ಶ್ರಮದಿಂದ ಕಲಿತು, ತನ್ನ ಊರಿನವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು ಹೇಗೆ ಎಂಬ ಪಾಠ ಮಾತ್ರ ಹಳತಾಗಿಲ್ಲ. ಹೊಸ ಯಂತ್ರದ ಕೈಪಿಡಿಯನ್ನು ನಮ್ಮ ಕೆಲಸಗಾರರಿಗೆ ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿಕೊಡಬಲ್ಲ ಮಾಲೀಕರು ಎಷ್ಟು ಮಂದಿ ಇದ್ದಾರೆ?

ಸರ್ ಎಂ. ವಿಶ್ವೇಶ್ವರಯ್ಯನವರ 'ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' (1951) ಕೂಡ ಈ ಸಾಲಿಗೆ ಸೇರಬೇಕು. 1908ರ ಮೂಸಿ ನದಿಯ ಪ್ರವಾಹದ ನಂತರ ಅವರನ್ನು ಹೈದರಾಬಾದಿಗೆ ಕರೆಸಲಾಯಿತು. ಆಗ ನಮ್ಮ ರಾಯಚೂರೂ ಆ ಸಂಸ್ಥಾನದಲ್ಲಿಯೇ ಇತ್ತು. ಅಣೆಕಟ್ಟಿನ ನಕ್ಷೆ ಬರೆಯುವ ಮೊದಲು ಅವರು ಮಳೆಯ ಅಂಕಿಗಳನ್ನು ಕಲೆಹಾಕಿದರು. ಮೈಸೂರಿನಲ್ಲಿ ಅವರು ದಿವಾನರಾಗಿದ್ದ ಕೆಲವೇ ವರ್ಷಗಳಲ್ಲಿ ಮೈಸೂರು ಬ್ಯಾಂಕು (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ ಮತ್ತು ಮೈಸೂರು ವಾಣಿಜ್ಯ ಮಂಡಳಿ (1916) ಹುಟ್ಟಿಕೊಂಡವು. ಹಣ, ಭಾಷೆ, ವಿದ್ಯೆ, ವ್ಯಾಪಾರ ಇವು ಬೇರೆ ಬೇರೆಯೆಂದು ಆ ಕಾಲದವರು ಭಾವಿಸಿರಲಿಲ್ಲ. ಬೇರೆ ಮಾಡಿದವರು ನಾವು.

ಸೃಜನಶೀಲತೆ: ಕಂಡದ್ದನ್ನೇ ಬೇರೆಯಾಗಿ ಓದುವುದು

ಸೃಜನಶೀಲತೆಯೆಂದರೆ ಕವಿಗಳ ಸೊತ್ತು ಎಂಬ ಭಾವನೆ ನಮ್ಮಲ್ಲಿದೆ. ಇದಕ್ಕೆ ಉತ್ತರವಾಗಿ ಜಾನ್ ಕೀ ಬರೆದ 'ಇಂಡಿಯಾ ಡಿಸ್ಕವರ್ಡ್' (1981) ಎಂಬ ಪುಸ್ತಕವನ್ನು ಸೂಚಿಸುತ್ತೇನೆ. ಅದರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬಾತನ ಕಥೆಯಿದೆ. ಆತ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಿಸುವ ಅಧಿಕಾರಿ. ಯಾರಿಗೂ ಓದಲಾಗದಿದ್ದ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಆತ ಬಿಡಿಸಿದ. ಸಾಂಚಿಯ ಕಲ್ಲುಕಟಾಂಜನದ ಮೇಲಿನ ಸಣ್ಣ ಸಣ್ಣ ಸಾಲುಗಳೆಲ್ಲ ಒಂದೇ ಬಗೆಯ ಅಕ್ಷರಗಳಿಂದ ಮುಗಿಯುತ್ತಿದ್ದುದನ್ನು ಗಮನಿಸಿ, ಇವು ದಾನಿಗಳ ಹೆಸರುಗಳಿರಬೇಕು, ಕೊನೆಯ ಪದ 'ದಾನಂ' ಇರಬೇಕು ಎಂದು ಊಹಿಸಿದ. ಎಂದರೆ, ದೇಶದ ಅತಿ ಹಳೆಯ ಲಿಪಿಗಳಲ್ಲೊಂದು ಬಿಡಿಸಿಕೊಂಡದ್ದು ಒಂದು ದೇಣಿಗೆ ಪಟ್ಟಿಯಿಂದ! ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನಿಗೆ ದೊರೆತ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಅದುವರೆಗೆ ಬಿರುದುಗಳಿಂದ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಅರಸನ ಗುರುತು ಅದರಿಂದ ಖಚಿತವಾಯಿತು. ಚಿನ್ನ ಹುಡುಕುವವನು ಬಂಡೆಯ ಮೇಲಿನ ಗೀಟುಗಳನ್ನು ಗೀಟುಗಳೆಂದು ಬಿಟ್ಟು ಮುಂದೆ ಹೋಗಬಹುದಾಗಿತ್ತು.

ನಮ್ಮ ಅಂಗಡಿಗೆ ಇನ್ನೂ ಹತ್ತಿರದ ಉದಾಹರಣೆ ಟ್ಯಾಲಿ. ಜವಳಿ ಗಿರಣಿ ಮುಂತಾದ ಕಾರ್ಖಾನೆಗಳಿಗೆ ಕಚ್ಚಾವಸ್ತು, ಬಿಡಿಭಾಗಗಳನ್ನು ಪೂರೈಸುತ್ತಿದ್ದ ಬೆಂಗಳೂರಿನ ವ್ಯಾಪಾರಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಬರೆಯಲು ಹೇಳಿದರು. 1986ರಲ್ಲಿ ತಂದೆ-ಮಗನ ಸಂಸ್ಥೆ ಆರಂಭವಾಯಿತು. ಪ್ರತಿಯೊಂದು ಖಾತೆಗೂ ಸಂಕೇತ ಸಂಖ್ಯೆ ಕೊಡಬೇಕಾಗಿದ್ದ ಕಾಲದಲ್ಲಿ, ಗುಮಾಸ್ತರು ಖಾತೆಯ ಹೆಸರನ್ನೇ ಬರೆಯುವಂತೆ ಅದನ್ನು ಮಾಡಿದರು. ಯಂತ್ರಕ್ಕೆ ತಕ್ಕಂತೆ ಗುಮಾಸ್ತರು ಬದಲಾಗಲಿಲ್ಲ, ಗುಮಾಸ್ತರಿಗೆ ತಕ್ಕಂತೆ ಯಂತ್ರ ಬದಲಾಯಿತು. ತನ್ನ ಕಷ್ಟವನ್ನು ಸರಿಯಾಗಿ ಓದಿದ ಒಬ್ಬ ವ್ಯಾಪಾರಿಯ ಸೃಜನಶೀಲತೆ ಇದು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು.

ಈ ವಿಭಾಗದ ಕನ್ನಡ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ವಾಣಿಜ್ಯ ಪತ್ರಿಕೆಯಲ್ಲಿ ಕಾದಂಬರಿ ಏಕೆಂದು ಕೇಳಬಹುದು. ಹಾರುವ ಓತಿಯನ್ನು ಹುಡುಕಲು ಹೊರಟ ವಿಜ್ಞಾನಿಗೆ ಅದರಲ್ಲಿ ದಾರಿ ತೋರುವವನು ಹಳ್ಳಿಯ ಮಂದಣ್ಣ. ಊರಿನವರು ಅವನನ್ನು ಕೆಲಸಕ್ಕೆ ಬಾರದವನೆಂದು ತಿಳಿದಿರುತ್ತಾರೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನ ಕಣ್ಣಿನ ಬೆಲೆಯನ್ನು ಅರಿಯುತ್ತಾರೆ. ಅದನ್ನು ಓದಿದ ಮೇಲೆ ನಿಮ್ಮ ಗಿರಣಿಗೆ ಹೋಗಿ. ಪಾಲಿಷರಿನ ಸದ್ದು ಕೇಳಿಯೇ ನುಚ್ಚು ಹೆಚ್ಚುತ್ತಿದೆಯೆಂದು ಹೇಳುವ ಹಮಾಲರೊಬ್ಬರು ಅಲ್ಲಿರುತ್ತಾರೆ. ಅವರನ್ನು ಯಾರೂ ಇದುವರೆಗ��� ಏನೂ ಕೇಳಿರುವುದಿಲ್ಲ.

ಓದುವ ಕ್ರಮ

ಇಲ್ಲಿ ಹೇಳಿದ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. "ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ" ಎನ್ನುವವರು ಹಿಂಜರಿಯಬೇಕಾಗಿಲ್ಲ. ಕೆಲವು ಸಲಹೆಗಳು:

1. ಕಾಲೇಜು ಓದುವ ಮಗ ಅಥವಾ ಮಗಳಿಗೆ ಪುಸ್ತಕ ಕೊಡಿಸಿ. ವಾರಕ್ಕೊಮ್ಮೆ ರಾತ್ರಿ ಊಟವಾದ ಮೇಲೆ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಮಕ್ಕಳಿಗೆ ಪುಸ್ತಕ ತಿಳಿಯುತ್ತದೆ, ನಿಮಗೆ ಮಕ್ಕಳು ತಿಳಿಯುತ್ತಾರೆ. ಅಂಗಡಿಯ ಮುಂದಿನ ಯಜಮಾನಿಕೆಯ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಗಬಹುದು.

2. ವರ್ಷಕ್ಕೆ ನಾಲ್ಕು ಪುಸ್ತಕ ಸಾಕು. ಪ್ರತಿ ಪುಸ್ತಕಕ್ಕೂ ಒಂದು ಹಾಳೆ ಇಡಿ: ಎಡಕ್ಕೆ "ಅದು ಹೇಳಿದ್ದು", ಬಲಕ್ಕೆ "ನಮ್ಮಲ್ಲಿ ನಾನು ನೋಡಿದ್ದು". ಬಲಭಾಗ ಖಾಲಿ ಉಳಿದರೆ ಆ ಪುಸ್ತಕದ ಲೆಕ್ಕ ತಾಳೆಯಾಗಿಲ್ಲವೆಂದು ತಿಳಿಯಿರಿ.

3. ಮುದ್ರಿತ ಪುಸ್ತಕಗಳಿಗೆ ಜಿ.ಎಸ್.ಟಿ. ಇಲ್ಲ. ನಾನು ತೆರಿಗೆಯ ವಿಷಯದಲ್ಲಿ ಯಾವ ತಕರಾರೂ ಇಲ್ಲದೆ ಶಿಫಾರಸು ಮಾಡಬಹುದಾದ ಅಪರೂಪದ ಸರಕು ಇದು.

4. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೇರೆಗೆ ಆಸ್ತಿ ತೆರಿಗೆಯೊಡನೆ ನಾವೆಲ್ಲರೂ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಗೋದಾಮು ದೊಡ್ಡದಾದಷ್ಟೂ ಕರ ಹೆಚ್ಚು. ಹಣ ಕಟ್ಟಿ ಸರಕು ಎತ್ತದಿರುವುದು ಯಾವ ವ್ಯಾಪಾರ? ಹೋಗಿ, ಬೇಕಾದ ಪುಸ್ತಕ ತರಿಸುವಂತೆ ಬರೆದು ಕೊಡಿ.

5. ನಮ್ಮ ಸಂಘದ ಕಚೇರಿಯಲ್ಲಿ ಒಂದು ಕಪಾಟು, ತಿಂಗಳಿಗೊಮ್ಮೆ ಅರ್ಧ ಗಂಟೆ. ಒಬ್ಬ ಸದಸ್ಯರು ಒಂದು ಪುಸ್ತಕದ ಬಗ್ಗೆ ಕನ್ನಡದಲ್ಲಿ ಹೇಳಲಿ, ಇನ್ನೊಬ್ಬರು ಅದರಿಂದ ತಮ್ಮ ಗಿರಣಿಯಲ್ಲಿ ಏನು ಬದಲಾಯಿತೆಂದು ಹೇಳಲಿ. ಮೊದಲ ತಿಂಗಳ ಸರದಿಯನ್ನು ನಾನು ವಹಿಸಿಕೊಳ್ಳಲು ಸಿದ್ಧ. ಮಾನ್ವಿಯ ಆ ವರದಿಯ ಪ್ರತಿಯನ್ನೂ ತರುತ್ತೇನೆ.

ಪಟ್ಟಿಯ ಕೊನೆಯ ಪುಸ್ತಕ

ಈ ಪಟ್ಟಿಯ ಕೊನೆಯ ಪುಸ್ತಕ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ದೇವದುರ್ಗದಲ್ಲಿ ಬೀಜ, ಗೊಬ್ಬರ ಮಾರುವ ನನ್ನ ಒಬ್ಬ ಕಕ್ಷಿದಾರರ ಮೇಜಿನ ಮೇಲೆ ಉದ್ದನೆಯ ಒಂದು ನೋಟುಪುಸ್ತಕವಿದೆ. ಅವರು ಓದಿದ್ದು ಏಳನೆಯ ತರಗತಿ. ಮೊದಲ ಮಳೆ ಬಿದ್ದ ದಿನ, ಕಾಲುವೆಗೆ ನೀರು ಬಿಟ್ಟ ದಿನ, ಆ ವಾರ ಹೋದ ಸರಕು, ಇವು ಮೂರು ಕಾಲಮುಗಳು. ನಾಲ್ಕನೆಯದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ: ಕೇಳಿ ಬಂದು ಸಿಗದೆ ಹಿಂದಿರುಗಿದವರು ಎಷ್ಟು ಮಂದಿ, ಕೇಳಿದ್ದು ಏನು. ಮಾರಿದುದನ್ನು ನಮ್ಮ ಎಲ್ಲ ಲೆಕ್ಕಪುಸ್ತಕಗಳೂ ಹೇಳುತ್ತವೆ. ಮಾರಲಾಗದೆ ಹೋದುದನ್ನು ಟ್ಯಾಲಿಯೂ ಹೇಳುವುದಿಲ್ಲ, ಜಿ.ಎಸ್.ಟಿ. ಪೋರ್ಟಲ್ಲೂ ಹೇಳುವುದಿಲ್ಲ, ನನ್ನ ಆಡಿಟ್ ವರದಿಯೂ ಹೇಳುವುದಿಲ್ಲ. "ಯಾಕೆ ಬರೀತೀರಿ?" ಎಂದು ಕೇಳಿದೆ. "ಮುಂದಿನ ವರ್ಷ ಅವರಿಗೆ ಇಲ್ಲ ಅನ್ನಬಾರದಲ್ರೀ ಸಾಹೇಬರೆ" ಎಂದರು.

ಅವರ ಮೊಮ್ಮಗಳು ಈಗ ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ಈ ತಿಂಗಳ ಒಳಗೆ ಅಂಥ ಒಂದು ನೋಟುಪುಸ್ತಕವನ್ನು ಪ್ರತಿಯೊಬ್ಬ ಸದಸ್ಯರೂ ಆರಂಭಿಸಬೇಕೆಂಬುದು ನನ್ನ ವಿನಂತಿ. ಉಳಿದ ಪುಸ್ತಕಗಳು ಅದರ ಪಕ್ಕಕ್ಕೆ ಒಂದೊಂದಾಗಿ ಬಂದು ಸೇರಲಿ.